ಗಂಡು ನೊಣಗಳ ಸೀಸೆ

ಗಂಡು ನೊಣಗಳನ್ನಷ್ಟೇ ಸಾಕಿದ್ದ ಸೀಸೆಯ ತಳದಲ್ಲಿ ಬಿಳಿ ಮರಿಹುಳುಗಳು ಹರಿದಾಡುತ್ತಿದ್ದವು. ಸಂಶೋಧಕಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಪಕ್ಕದ ಸೀಸೆಯಲ್ಲೂ ಅದೇ ಕಥೆ. ಆದರೆ ಹುಳು ಬಿದ್ದಿದ್ದು ಶಕ್ತಿಪುಡಿ ಬೆರೆಸಿದ ಮೇವಿನ ಸೀಸೆಗಳಲ್ಲಿ ಮಾತ್ರ.

ಅವಳಿಗೆ ಥಟ್ಟನೆ ಅಮ್ಮನ ನೆನಪಾಯಿತು. ಪುಡಿ ತಿಂದ ನೊಣಗಳು ಹೆಚ್ಚು ಕಾಲ ಬದುಕುತ್ತಿವೆ ಎಂದು ಅವಳು ಮನೆಯಲ್ಲಿ ಬಾಯಿಬಿಟ್ಟಿದ್ದೇ ತಡ, ಅಮ್ಮ ಹೃದಯದ ಮಾತ್ರೆಗಳನ್ನು ಮೂಲೆಗೆ ತಳ್ಳಿ ಅದೇ ಪುಡಿ ಹಿಡಿದಿದ್ದಳು. ಬೇಡವೆಂದರೂ ಕೇಳಿರಲಿಲ್ಲ. ಮಗಳ ನೊಣಗಳ ಮೇಲೆ ಅವಳಿಗೆ ಡಾಕ್ಟರಿಗಿಂತ ಹೆಚ್ಚು ನಂಬಿಕೆ.

ಪೊಲೀಸ್ ಕೆಲಸದಿಂದ ನಿವೃತ್ತನಾಗಿದ್ದ ಸೋದರಮಾವ ಕರೆದ ಕೂಡಲೇ ಬಂದ. ಸೀಸೆಗಳನ್ನು ಮೂಗಿನ ತುದಿಗೆ ಹಿಡಿದು ನೋಡುತ್ತ, ಗಂಡಸರ ಹಾಸ್ಟೆಲಿನಲ್ಲಿ ತೊಟ್ಟಿಲು ಕಂಡಂತಾಯಿತಲ್ಲ ಎಂದು ಗೊಣಗಿದ.

"ಹುಳು ಈವತ್ತೇ ಯಾಕೆ ಕಾಣಿಸ್ತು?"

ಎರಡು ದಿನಕ್ಕೊಮ್ಮೆ ನೊಣಗಳನ್ನು ಹೊಸ ಮೇವಿನ ಸೀಸೆಗೆ ದಾಟಿಸುವುದು ವಾಡಿಕೆ, ಮೊಟ್ಟೆಯಿದ್ದರೂ ಹಳೆಯದರ ಜೊತೆ ಹೋಗುತ್ತಿತ್ತು. ಈ ಸಲ ಅಮ್ಮನಿಗೆ ಎದೆನೋವು ಬಂದು ರಜೆ ಹಾಕಿದ್ದೆ, ಎಂದಳು.

"ಅಂದ್ರೆ ಯಾರೋ ಸತ್ತ ನೊಣ ತೆಗೆದು, ಬೇರೆ ಸೀಸೆಯಿಂದ ಎಳೇ ನೊಣ ತುಂಬ್ತಾ ಇದ್ದಾರೆ. ಅದರಲ್ಲಿ ಹೆಣ್ಣೂ ಸೇರಿವೆ. ಇಲ್ಲಿಗೆ ಯಾರ್ಯಾರು ಬರ್ತಾರೆ?"

ಪುಡಿಯ ಕಂಪನಿಯಿಂದ ಸಂಸ್ಥೆಗೆ ಕಟ್ಟಡ ಕಟ್ಟಿಸಿಕೊಳ್ಳುವ ಆಸೆಯಲ್ಲಿದ್ದ ನಿರ್ದೇಶಕರು. ನೊಣ ವಿಂಗಡಿಸುವ ಸಹಾಯಕಿ. ಮೊನ್ನೆ ಸಂಶೋಧಕಿಯ ಜೊತೆ ಜಟಾಪಟಿಯಾಗಿ ಅವಳು ಮಾತು ಬಿಟ್ಟಿದ್ದಳು. ಮಧ್ಯಾಹ್ನ ಊಟದ ಡಬ್ಬಿ ತರುವ ತಂಗಿಯನ್ನೂ ಹೇಳುವಾಗ ಸಂಶೋಧಕಿಗೆ ನಗು ಬಂತು.

ಮಾವ ನಗಲಿಲ್ಲ. ಒಂದು ಸೀಸೆಯನ್ನು ಬೆಳಕಿಗೆ ಹಿಡಿದ. ಒದ್ದೆ ಮೇವಿಗೆ ರೆಕ್ಕೆ ಅಂಟಿ ನಾಲ್ಕಾರು ನೊಣ ಸತ್ತಿದ್ದವು.

"ಇದೇನು?"

"ಅಂಟಿಕೊಂಡಿದ್ದು, ಮಾವ. ಆಗಾಗ ಆಗತ್ತೆ. ಅದನ್ನ ಲೆಕ್ಕಕ್ಕೆ ಹಿಡಿಯಲ್ಲ."

"ಪುಡಿ ಇಲ್ಲದ ಸೀಸೆಯಲ್ಲಿ ಒಂದೂ ಇಲ್ವಲ್ಲ. ನೊಣ ತುಂಬೋದು ಹೇಗೆ?"

ಹಿಮದ ಮೇಲಿಟ್ಟು ನಿದ್ದೆ ಬರಿಸಿ, ಸೀಸೆಯನ್ನು ಅಡ್ಡ ಮಲಗಿಸಿ ಒಳಗೆ ಬಿಡುತ್ತೇವೆ, ಎದ್ದು ಹಾರುವವರೆಗೂ ನೆಟ್ಟಗೆ ನಿಲ್ಲಿಸುವುದಿಲ್ಲ, ಎಂದಳು. ಹೇಳುತ್ತಿದ್ದಂತೆ ಅವಳ ದನಿ ಇಳಿಯಿತು.

"ನಿದ್ದೆಯಲ್ಲಿದ್ದವನ್ನ ನಿಂತ ಸೀಸೆಗೆ ಸುರಿದಿದ್ದಾರೆ," ಎಂದ ಮಾವ. "ನಿರ್ದೇಶಕರಿಗೆ, ಸಹಾಯಕಿಗೆ ಇದು ಕೈಗೆ ಹತ್ತಿದ ಕೆಲಸ, ಅವರು ಅಡ್ಡ ಮಲಗಿಸದೆ ಬಿಡಲ್ಲ. ಗಂಡು ಹೆಣ್ಣು ಬೇರೆ ಮಾಡೋದಂತೂ ಅವರಿಗೆ ನೀರು ಕುಡಿದಷ್ಟು ಸುಲಭ. ಇದು ಅರ್ಧ ಕಲಿತವರ ಕೈ. ಅರ್ಧ ಕಲಿಸಿದ್ದು ಯಾರಿಗೆ?"

ಸಂಶೋಧಕಿಗೆ ನೆನಪಾಯಿತು. ಹಿಮದ ಮೇಲೆ ನೊಣ ಮಲಗುವುದನ್ನು ತಂಗಿಗೆ ತೋರಿಸಿ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಸೀಸೆ ಅಡ್ಡ ಮಲಗಿಸುವುದನ್ನು ಹೇಳಿರಲಿಲ್ಲ. ಆಮೇಲೆ ದಿನವೂ ಊಟವಾದ ಕೂಡಲೇ ತಾನು ಸೀಸೆ ತೊಳೆಯಲು ಒಳಗೆ ಹೋದರೆ, ಇಲ್ಲಿ ಒಬ್ಬಳೇ ಕೂರುತ್ತಿದ್ದವಳು ತಂಗಿ. ಅಮ್ಮನಿಗೆ ಪುಡಿಯ ಡಬ್ಬಿ ತಂದುಕೊಟ್ಟವಳೂ ಅವಳೇ.

ಅಷ್ಟರಲ್ಲಿ ಊಟ ತಂದ ತಂಗಿ ಬಾಗಿಲಲ್ಲೇ ನಿಂತಳು. ಮಾವನ ಕೈಯಲ್ಲಿದ್ದ ಸೀಸೆ ನೋಡಿ ಅವಳ ಮುಖ ಬಿಳಿಚಿಕೊಂಡಿತು. ಮಾವ ಗದರಿಸುವ ಮೊದಲೇ ಎಲ್ಲ ಹೇಳಿಬಿಟ್ಟಳು. ಪುಡಿ ಮಾರುವ ಏಜೆನ್ಸಿ ಹಿಡಿದಿದ್ದಳಂತೆ. ಅಕ್ಕನ ಹೆಸರು ಹೇಳಿದರೆ ಜನ ಕಣ್ಣುಮುಚ್ಚಿ ಕೊಳ್ಳುತ್ತಿದ್ದರಂತೆ.

"ಅಮ್ಮ ಮಾತ್ರೆ ಬಿಟ್ಟಿದ್ದು ನಿಂಗೆ ಗೊತ್ತಿತ್ತು," ಎಂದಳು ಅಕ್ಕ.

"ಪುಡಿಯಿಂದ ಕೆಟ್ಟದ್ದೇನೂ ಆಗಲ್ಲ ಅಂದ್ಕೊಂಡೆ, ಅಕ್ಕ."

"ಎದೆನೋವು ಬಂದ ಮೇಲೂ ಕಲಸಿ ಕೊಟ್ಟೆಯಲ್ಲ."

ತಂಗಿ ತಲೆ ತಗ್ಗಿಸಿ ಊಟದ ಡಬ್ಬಿ ಮುಂದೆ ಚಾಚಿದಳು. ಒಂದೇ ಹೊದಿಕೆಯಲ್ಲಿ ಮಲಗಿ ಬೆಳೆದವಳು ಹೀಗೆ ಬೆನ್ನಿಗೆ ಚೂರಿ ಹಾಕಿದಳಲ್ಲ ಎಂದು ಅಕ್ಕನಿಗೆ ಅನ್ನಿಸಿತು. ಡಬ್ಬಿ ಮುಟ್ಟದೆ ಮನೆಗೆ ಓಡಿದಳು.

ಅಮ್ಮ ದಿಂಬಿಗೊರಗಿ ಲೋಟದಲ್ಲಿ ಪುಡಿ ಕದಡುತ್ತಿದ್ದಳು. ಮಗಳನ್ನು ಕಂಡು ಮುಖ ಅರಳಿತು.

"ನಿನ್ನ ನೊಣಗಳು ಹೇಗಿವೆಯೇ? ಗಟ್ಟಿಮುಟ್ಟಾಗಿವೆಯಾ?"

ಅವಳು ಅಮ್ಮನ ಕೈಯಿಂದ ಲೋಟ ತೆಗೆದುಕೊಂಡಳು.

"ಇಲ್ಲಮ್ಮ. ಅವು ಯಾವಾಗಲೋ ಸತ್ತುಹೋಗಿವೆ. ನಿನ್ನ ಮಾತ್ರೆ ಎಲ್ಲಿಟ್ಟಿದ್ದೀಯ?"