ದಪ್ಪ ಅಕ್ಷರದ ನಿಯಮ

ಬಸವಕಲ್ಯಾಣದ ಬಸ್ ಸ್ಟ್ಯಾಂಡ್ ಎದುರಿನ ಝರಾಕ್ಸ್ ಅಂಗಡಿಯಲ್ಲಿ ಆಮ್ರಪಾಲಿ ಟೈಪ್ ಮಾಡುತ್ತಾಳೆ. ಹುಮನಾಬಾದಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಸಂತೋಷಕುಮಾರ ಮಾಸ್ತರರು ಪ್ರಶ್ನೆಪತ್ರಿಕೆಯ ನೆಪದಲ್ಲಿ ಅಲ್ಲಿಗೆ ಬರತೊಡಗಿ ವರ್ಷವಾಗಿತ್ತು. ಒಂದೇ ಹಾಳೆಗೆ ಮೂರು ಸಲ ತಿದ್ದುಪಡಿ! ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಪಕ್ಕದ ಅಂಗಡಿಯ ಖಮರುದ್ದೀನನಿಗಂತೂ ಎರಡೂ ಕಣ್ಣಿದ್ದವು.

ಜೂನ್‌ನಲ್ಲಿ ಮಾಸ್ತರರು ತಮ್ಮ ತರಗತಿಯ ಹೊಸ ನಿಯಮವನ್ನು ಟೈಪ್ ಮಾಡಿಸಲು ತಂದರು: ತಡವಾಗಿ ಬಂದವರು ‘ನಾನು ಸೋಮಾರಿ’ ಎಂಬ ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಮಧ್ಯಾಹ್ನದವರೆಗೆ ಬಾಗಿಲಲ್ಲಿ ನಿಲ್ಲಬೇಕು.

“ದಪ್ಪ ಅಕ್ಷರದಾಗ ಹಾಕ್ರಿ.”

“ನೀವು ಇಲ್ಲಿಗಿ ತಡಾ ಮಾಡಿ ಬಂದ್ರ ನಿಮಗೂ ಒಂದು ಹಲಗಿ ಏನ್ರಿ?” ಅಂದು ಅವಳು ನಕ್ಕಿದ್ದಳು. ಅದು ಯಾರ ಕೊರಳಿಗೆ ಬೀಳುತ್ತದೆಂದು ಯೋಚಿಸಿರಲಿಲ್ಲ.

ಬಿದ್ದದ್ದು ಹುಮನಾಬಾದಿನಲ್ಲಿ ಅವರ ತರಗತಿಯಲ್ಲೇ ಓದುತ್ತಿದ್ದ ಅಕ್ಕನ ಮಗಳು ಪೂನಂಳ ಕೊರಳಿಗೆ. ಅಕ್ಕ ಅಂಬುಬಾಯಿ ನಸುಕಿನಲ್ಲೇ ಕೂಲಿಗೆ ಹೋದರೆ, ತಮ್ಮನಿಗೆ ಉಣಿಸಿ ಅಂಗನವಾಡಿಗೆ ಬಿಟ್ಟು ಬರುವವಳು ಹತ್ತು ವರ್ಷದ ಆ ಹುಡುಗಿ. ನಾಲ್ಕು ದಿನ ಬಾಗಿಲಲ್ಲಿ ನಿಂತಳು. ಆಮೇಲೆ ಶಾಲೆಯ ಹೆಸರೆತ್ತಿದರೆ ಜ್ವರ ಬರತೊಡಗಿತು.

“ತಂಗಿ, ಹೆಡ್ ಮಾಸ್ತರಗ ಒಂದು ಅರ್ಜಿ ಬರದು ಕೊಡು,” ಅಂದಳು ಅಂಬುಬಾಯಿ.

ಬರೆದರೆ ಸಂತೋಷಕುಮಾರರು ದೂರವಾಗುತ್ತಾರೆ, ಬರೆಯದಿದ್ದರೆ ಪೂನಂಳ ಓದು ಹೋಗುತ್ತದೆ. ಆಮ್ರಪಾಲಿ ಬರೆದಳು. ಕೆಳಗೆ ತನ್ನ ಹೆಸರನ್ನೂ ಹಾಕಿ, ಅಕ್ಕನ ಜೊತೆ ಶಾಲೆಗೆ ಹೋಗಿ ಕೊಟ್ಟು ಬಂದಳು.

ಮುಂದಿನ ವಾರ ಮಾಸ್ತರರು ಬರಿಗೈಯಲ್ಲಿ ಬಂದರು.

“ಮೊದಲ ನನಗ ಒಂದು ಮಾತು ಹೇಳಬಾರದಿತ್ತೇನ್ರಿ?”

“ಹೇಳಿದ್ರ ನನ್ನ ಸಲುವಾಗಿ ಪೂನಂ ಒಬ್ಬಾಕಿನ್ನ ಬಿಡ್ತಿದ್ರಿ. ಉಳದ ಮಕ್ಕಳು?”

ಅವರು ತಲೆ ತಗ್ಗಿಸಿದರು. “ನಿಯಮ ತೆಗದೀನಿ. ನಿನ್ನೆ ಆಕಿನ್ನ ಕರ್ಕೊಂಡು ಬರಾಕ ನಿಮ್ಮಕ್ಕನ ಮನಿಗೂ ಹೋಗಿದ್ದೆ. ನನ್ನ ನೋಡಿ ಮಂಚದ ಕೆಳಗ ಹೊಕ್ಕಳು. ಹೊರಗ ಬರಲೇ ಇಲ್ಲ. ನಾ ಅಷ್ಟು ಕೆಟ್ಟವ ಏನ್ರಿ?”

“ಕೆಟ್ಟವರಿದ್ದಿದ್ರ ನನಗ ಇಷ್ಟು ಸಂಕಟ ಆಗ್ತಿದ್ದಿಲ್ಲ.”

“ಹುಲಸೂರಿಗಿ ಟ್ರಾನ್ಸ್‌ಫರ್ ಕೇಳೀನಿ. ನಾ ಇರೋತನಕ ಆಕಿ ಶಾಲಿಗಿ ಬರಂಗಿಲ್ಲ.” ಆಮೇಲೆ ಕೇಳಿದರು, “ನೀವು ಬರ್ತೀರೇನು ನನ್ನ ಜೋಡಿ? ಮನ್ಯಾಗ ಮಾತಾಡ್ತೀನಿ.”

ವರ್ಷವಿಡೀ ಕಾದಿದ್ದ ಮಾತು ಅದು. ಆಮ್ರಪಾಲಿಯ ಕಣ್ಣು ತುಂಬಿದವು.

“ನಿಮ್ಮ ಮ್ಯಾಲ ನನಗ ಜೀವ ಅದ, ಸುಳ್ಳು ಹೇಳಂಗಿಲ್ಲ. ಆದ್ರ ನೀವಿದ್ದ ಮನ್ಯಾಗ ಪೂನಂ ಕಾಲಿಡಂಗಿಲ್ರಿ. ಆಕಿಗಿ ಅವ್ವನ ತಂಗಿ ಅಂತ ಇರೋ ಮಾವಶಿ ನಾ ಒಬ್ಬಾಕಿನೇ.”

ಅವರು ಮತ್ತೆ ಕೇಳಲಿಲ್ಲ.

ಮಾಸ್ತರರು ಹುಲಸೂರಿಗೆ ಹೋದ ಮರುವಾರ ಅಂಬುಬಾಯಿ ಫೋನ್ ಮಾಡಿದಳು. ಪೂನಂ ಶಾಲೆಗೆ ಹೋದಳಂತೆ. ತಡವಾಗಿಯೇ ಹೋದಳಂತೆ, ಯಾರೂ ಏನೂ ಅನ್ನಲಿಲ್ಲವಂತೆ. ಆಮ್ರಪಾಲಿ ಕೇಳಿ ನಕ್ಕಳು. ಆಮೇಲೆ ಅಂಗಡಿಯ ಶಟರ್ ಅರ್ಧ ಎಳೆದು, ಒಳಗೆ ಕೂತು ಮನಸಾರೆ ಅತ್ತಳು.