ಸುಳ್ಳೆಣ್ಣೆಯ ವಾಸನೆ

“ಇದು ಸುಳ್ಳೆಣ್ಣೆ! ಕಣ್ಣು ಮುಚ್ಚಿಕೊಂಡೇ ಹೇಳ್ತೀನಿ.”

ಬಾಟಲಿಯನ್ನು ಮೂಗಿನಿಂದ ಇಳಿಸಿ ಆತ ಹೀಗೆಂದಾಗ ಅವಳ ಮೈಯೆಲ್ಲ ಉರಿದುಹೋಯಿತು. ನಮಸ್ಕಾರವಿಲ್ಲ, ಪರಿಚಯವಿಲ್ಲ...

“ಯಾರ್ರೀ ನೀವು?”

“ಅಂಕಿಅಂಶದ ವಿಭಾಗದವನು. ನಿಮ್ಮ ಪ್ರಯೋಗ ನೋಡ್ಕೊಳ್ಳೋಕೆ ಎಥಿಕ್ಸ್ ಕಮಿಟಿಯವರು ಕಳಿಸಿದ್ದಾರೆ. ವಾಸನೆ ಬೇರೆ ಇದ್ರೆ ಯಾವ ಎಣ್ಣೆ ಸಿಕ್ಕಿದೆ ಅಂತ ರೋಗಿಗಳಿಗೆ ಗೊತ್ತಾಗಿಬಿಡತ್ತೆ. ಮೊದಲು ಅದನ್ನ ಸರಿ ಮಾಡಿ.”

ಬಂದ ಹಾಗೇ ಹೋದ!

ಅವಳು ಗಿಡಮೂಲಿಕೆ ವೈದ್ಯದ ಕಾಲೇಜಿನಲ್ಲಿ ಉನ್ನತ ಪದವಿಗೆ ಓದುತ್ತಿದ್ದ ಡಾಕ್ಟರು. ಅಪ್ಪ ನಲವತ್ತು ವರ್ಷದಿಂದ ಮಂಡಿನೋವಿಗೆ ಕೊಡುತ್ತಿದ್ದ ಬೇರಿನ ಎಣ್ಣೆಯೇ ಅವಳ ಸಂಶೋಧನೆ. ಅರವತ್ತು ರೋಗಿಗಳಲ್ಲಿ ಅರ್ಧ ಜನಕ್ಕೆ ಅಪ್ಪನ ಎಣ್ಣೆ, ಉಳಿದವರಿಗೆ ಬಣ್ಣ ಬೆರೆಸಿದ ಬರೀ ಎಣ್ಣೆ. ಕಾಲೇಜಿನವರು ಅದಕ್ಕಿಟ್ಟ ಹೆಸರೇ ಸುಳ್ಳೆಣ್ಣೆ. ಅಪ್ಪನ ಎಣ್ಣೆ ಗೆದ್ದರೆ ವಿದ್ಯಾರ್ಥಿಗಳ ಪಾಠಕ್ಕೆ ಸೇರುತ್ತದೆ. ಸೋತರೆ... ಅಪ್ಪನ ನಲವತ್ತು ವರ್ಷ ನೀರಲ್ಲಿ ಹೋಮ!

ಹಟಕ್ಕೆ ಬಿದ್ದು ಮರುದಿನವೇ ವಾಸನೆ ಸರಿಮಾಡಿದಳು. ಆತ ಎರಡೆರಡು ಸಲ ಮೂಸಿ, “ಸೋತೆ ಡಾಕ್ಟ್ರೇ,” ಎಂದು ನಕ್ಕ. ಆ ನಗು ಮನಸ್ಸಿನಲ್ಲಿ ಎಲ್ಲೋ ಉಳಿದುಬಿಟ್ಟಿತು.

ಆಮೇಲೆ ಆರು ತಿಂಗಳು ಪ್ರತಿ ಸೋಮವಾರ ಆತ ಬರುತ್ತಿದ್ದ. ರೋಗಿಗಳು ಮೆಟ್ಟಿಲು ಹತ್ತುವಾಗ ಆತ ಗಡಿಯಾರ ಹಿಡಿಯುವುದು, ಇವಳು ಬರೆದುಕೊಳ್ಳುವುದು. ಒಂದು ದಿನ ಒಬ್ಬ ಅಜ್ಜಿ ಮೇಲಿನ ಮೆಟ್ಟಿಲಿನಿಂದಲೇ ಕೂಗಿದರು.

“ನನ್ನ ಮಂಡಿ ನೋಡ್ರಪ್ಪಾ! ಮುಖ ಮುಖ ಆಮೇಲೆ ನೋಡ್ಕೊಳ್ಳೋರಂತೆ!”

ಇಬ್ಬರೂ ಕೆಂಪಾದರು. ಆ ಅಜ್ಜಿಯ ಸಮಯ ಬರೆದುಕೊಳ್ಳುವುದೇ ಮರೆತುಹೋಯಿತು.

ಫಲಿತಾಂಶ ಬಂದ ದಿನ ಆತ ಹಾಳೆಯಿಂದ ತಲೆಯೆತ್ತಲಿಲ್ಲ.

“ಎರಡೂ ಗುಂಪಿಗೆ ಒಂದೇ ಸಮ ಗುಣ ಆಗಿದೆ. ವ್ಯತ್ಯಾಸ ಇಲ್ಲ.”

“ಅಂದ್ರೆ ನಮ್ಮಪ್ಪನ ಎಣ್ಣೆಯೂ ಸುಳ್ಳೆಣ್ಣೆನಾ?”

“ಅಂಕಿಗಳು ಹಾಗೆ ಹೇಳ್ತಿವೆ...”

“ನಿಮಗೆ ಮೊದಲಿನಿಂದ್ಲೂ ಇದೇ ಬೇಕಿತ್ತು! ಇನ್ಮೇಲೆ ನನ್ನ ಕಣ್ಣಿಗೆ ಬೀಳಬೇಡಿ!”

ಆತ ಹಾಳೆಗಳನ್ನು ಮಡಚಿಟ್ಟು ಎದ್ದುಹೋದ.

ಮೂರು ದಿನ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಬಾಟಲಿಗಳನ್ನೇ ಮತ್ತೆ ತೊಳೆದಳು. ಫೋನು ಸದ್ದಾದರೆ ಹಾರಿ ಬೀಳುವಳು, ಆತನದಲ್ಲವೆಂದು ತಿಳಿದರೆ ಇನ್ನಷ್ಟು ಸಿಡುಕುವಳು. ‘ಬೈದು ಓಡಿಸಿದವಳು ನಾನೇ... ಈಗ ಕಾಯೋದೂ ನಾನೇನಾ?’

ಕೊನೆಗೆ ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿ ಅತ್ತಳು. ಅಪ್ಪ ಬೇಸರಪಡಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ.

“ಬರೀ ಎಣ್ಣೆಗೆ ನಮ್ಮೆಣ್ಣೆ ವಾಸನೆ ಹೇಗೆ ಬಂತು ಪುಟ್ಟಿ?”

“ಬೇರನ್ನ ಬಟ್ಟೇಲಿ ಗಂಟು ಕಟ್ಟಿ, ಅರ್ಧ ಗಂಟೆ ಬಿಸಿ ಎಣ್ಣೇಲಿ ಇಳಿಬಿಟ್ಟಿದ್ದೆ. ಬರೀ ವಾಸನೆಗೆ ಅಷ್ಟೇ...”

“ಅಲ್ಲ ಕಣಮ್ಮ, ವಾಸನೆ ಒಳಗೆ ಬಂದ ಮೇಲೆ ಸತ್ವ ಬಾಗಿಲ ಹೊರಗೆ ನಿಂತಿರತ್ತಾ?”

ಅವಳಿಗೆ ಈಗ ಹೊಳೆಯಿತು. ಸುಳ್ಳೆಣ್ಣೆಗೆ ತನ್ನ ಕೈಯಾರೆ ಮದ್ದು ಬೆರೆಸಿದ್ದಳು! ಹೇಳಿದರೆ ವರ್ಷ ಹಾಳು, ಹೆಸರೂ ಹಾಳು. ಹೇಳದಿದ್ದರೆ ಪದವಿ ಸಿಗುತ್ತದೆ, ಆದರೆ ಅಪ್ಪನ ಎಣ್ಣೆ ಕೆಲಸಕ್ಕೆ ಬಾರದ್ದೆಂದು ಅಚ್ಚಾಗುತ್ತದೆ. ಚಪ್ಪಲಿ ಮೆಟ್ಟಿಕೊಂಡು ಎಥಿಕ್ಸ್ ಕಮಿಟಿಯ ಕೋಣೆಗೆ ಓಡಿದಳು.

ಆತ ಅಲ್ಲೇ ನಿಂತಿದ್ದ! ಅಧ್ಯಕ್ಷೆಯ ಕೈಯಲ್ಲಿ ಆತನ ಪತ್ರ. ‘ದೂರು ಕೊಡೋಕೆ ಬಂದಿದ್ದಾನೆ...’ ಎಂದುಕೊಂಡಳು. ಆದರೂ ಬೇರಿನ ಗಂಟಿನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಅಧ್ಯಕ್ಷೆ ಕನ್ನಡಕ ತೆಗೆದರು. “ಇವರೂ ಅದೇ ಅನುಮಾನ ಬರೆದಿದ್ದಾರೆ. ಬರೀ ಎಣ್ಣೆಗೆ ಇಷ್ಟು ಜನಕ್ಕೆ ಗುಣ ಆಗೋದು ವಿಚಿತ್ರ, ವಾಸನೆ ಎಲ್ಲಿಂದ ಬಂತು ಅಂತ ಕೇಳದೇ ಒಪ್ಪಿಗೆ ಕೊಟ್ಟಿದ್ದು ತಮ್ಮದೇ ತಪ್ಪು ಅಂತ. ಇದರಿಂದ ಎಣ್ಣೆ ಗೆದ್ದಂತೆಯೂ ಅಲ್ಲಮ್ಮ. ಮೊದಲಿನಿಂದ ಶುರು ಮಾಡಿ.”

ಅವಳು ಹೊರಗೆ ಬಂದವಳೇ ಗೋಡೆಗೊರಗಿದಳು. ಆತನೂ ಬಂದ.

“ಕ್ಷಮಿಸಿ... ಏನೇನೋ ಅಂದ್ಬಿಟ್ಟೆ. ಸೋಮವಾರ ಬರ್ತೀರಲ್ವಾ?”

“ಇಲ್ಲ. ಲೆಕ್ಕ ನೋಡೋಕೆ ಬೇರೆಯವರು ಬರ್ತಾರೆ. ನಾನೇ ಕೇಳ್ಕೊಂಡೆ.”

ಅವಳ ಕಣ್ಣು ತುಂಬಿತು. “ಅಷ್ಟು ಕೋಪನಾ?”

“ಕೋಪ ಅಲ್ರೀ! ಈ ಸಲ ನಿಮ್ಮ ಎಣ್ಣೆ ಗೆಲ್ಲಲಿ ಅಂತ ನನ್ನ ಮನಸ್ಸು ಹಟ ಹಿಡಿದಿದೆ. ಅಂಥವನು ಲೆಕ್ಕ ನೋಡಬಾರದು... ನಿಮ್ಮನ್ನ ಪ್ರೀತಿಸೋನು ನೋಡಲೇಬಾರದು.”

ಅವಳಿಗೆ ಅಳುವೂ ಬಂತು, ನಗುವೂ ಬಂತು.

“ಎಣ್ಣೆ ಮತ್ತೆ ಸೋತ್ರೆ?”

“ನೀವು ಅಳ್ತೀರಿ. ನಾನು ಪಕ್ಕದಲ್ಲಿ ಕೂತಿರ್ತೀನಿ.”

“ಗೆದ್ರೆ?”

“ಆಗಲೂ ಅಳ್ತೀರಿ. ಆಗಲೂ ಅಲ್ಲೇ ಇರ್ತೀನಿ.”

ಅವಳು ಮೆಲ್ಲಗೆ ಆತನ ಬೆರಳು ಹಿಡಿದಳು. “ಹಾಗಿದ್ರೆ ಈಗಲೇ ಬಂದು ಕೂತ್ಕೊಳ್ಳಿ... ನನಗೆ ಅಳು ಬರ್ತಿದೆ.”