ಕಡ್ಡಿಯ ದೊಡ್ಡ ಸೌಂಡು

"ಸ್ವಿಚ್ ಮುಟ್ಬೇಡ. ಮೊದಲು ಸ್ಪೀಕರ್ ವೈರ್ ಹಾಕಿದ್ಯಾ ನೋಡು," ಎಂದಳು ಚಿಕ್ಕಮ್ಮ, ತಲೆ ಎತ್ತದೆಯೇ.

ಕಡ್ಡಿ ಕೈ ಹಿಂದಕ್ಕೆ ಎಳೆದುಕೊಂಡಳು. ವೈರ್ ಹಾಕಿರಲಿಲ್ಲ. ಹಾಕದೆ ಆನ್ ಮಾಡಿದರೆ, ಗಿಟಾರಿನ ದನಿಯನ್ನು ಜೋರು ಮಾಡುವ ಆಂಪ್ ಸುಟ್ಟುಹೋಗಬಹುದು ಎಂದು ಚಿಕ್ಕಮ್ಮ ನೂರು ಸಲ ಹೇಳಿದ್ದಳು.

ಚಿಕ್ಕಮ್ಮನದು ಆಂಪ್ ರಿಪೇರಿ ಅಂಗಡಿ. ಬೆಂಚಿನ ಮೇಲೆ ಎರಡು ಗಿಟಾರ್ ಹೆಡ್‌ಗಳಿದ್ದವು. ಹೆಡ್ ಅಂದರೆ ಸ್ಪೀಕರ್ ಇಲ್ಲದ ಆಂಪ್. ಒಳಗೆ ಗಾಜಿನ ಟ್ಯೂಬುಗಳು, ಮುಂದೆ ಸಾಲಾಗಿ ನಾಬ್‌ಗಳು. ಸ್ಪೀಕರ್ ಪೆಟ್ಟಿಗೆ ಬೇರೆಯೇ ಇರುತ್ತದೆ. ಒಂದು ಹೆಡ್ ಕಪ್ಪಗೆ, ಭಾರವಾಗಿ, ನೂರು ವಾಟಿನದು. ಇನ್ನೊಂದು ಶೂ ಡಬ್ಬಿಗಿಂತ ತುಸು ದೊಡ್ಡದು, ಹದಿನೈದು ವಾಟಿನದು. ಅದರ ಒಂದು ಮೂಲೆ ಬೇರೆ ಸವೆದುಹೋಗಿತ್ತು.

"ಶನಿವಾರ ಸ್ಕೂಲ್ ಪ್ರೋಗ್ರಾಮಿಗೆ ಒಂದನ್ನ ತಗೊಂಡು ಹೋಗು. ಎರಡೂ ಕೇಳಿ ಆರಿಸ್ಕೋ."

ಕೇಳುವುದೇನು ಬಂತು? ಕಡ್ಡಿ ಆಗಲೇ ಕಪ್ಪು ಹೆಡ್ಡಿನ ಮೇಲೆ ಕಣ್ಣಿಟ್ಟಿದ್ದಳು. ತೆಳ್ಳಗಿದ್ದಾಳೆ ಅಂತ ಇಡೀ ಐದನೇ ಕ್ಲಾಸು ಅವಳನ್ನು ಕಡ್ಡಿ ಎನ್ನುತ್ತಿತ್ತು. ಕಡ್ಡಿಗೂ ಒಂದು ದೊಡ್ಡ ಸೌಂಡ್ ಇದೆ ಎಂದು ಶನಿವಾರ ಎಲ್ಲರಿಗೂ ಗೊತ್ತಾಗಬೇಕಿತ್ತು.

ಕಪ್ಪು ಹೆಡ್ಡಿಗೆ ಸ್ಪೀಕರ್ ವೈರ್ ಹಾಕಿ ಆನ್ ಮಾಡಿದಳು. ಟ್ಯೂಬುಗಳು ಕಾಯಲು ಒಂದು ನಿಮಿಷ ಹಿಡಿಯಿತು. ಗಾಜಿನೊಳಗೆ ಕಿತ್ತಳೆ ಬಣ್ಣದ ಬೆಳಕು ಮೆಲ್ಲಗೆ ಮೂಡಿತು. ಕಡ್ಡಿ ದಪ್ಪ ದನಿಯ ಬೇಸ್ ನಾಬನ್ನು ಒಂಬತ್ತಕ್ಕೆ ತಿರುಗಿಸಿದಳು. ಚೂಪು ದನಿಯ ಟ್ರೆಬಲ್ ಕೂಡ ಒಂಬತ್ತು. ನಡುವಿನ ದನಿಯ ಮಿಡ್ಲ್ ಸೊನ್ನೆ. ದನಿಯನ್ನು ಒರಟಾಗಿಸುವ ಗೇನ್ ಪೂರ್ತಿ. ತಂತಿಗಳ ಮೇಲೆ ಒಮ್ಮೆ ಕೈ ಎಳೆದಳು. ಡಬ್ಬಿಯಲ್ಲಿದ್ದ ಸ್ಕ್ರೂಗಳೆಲ್ಲ ಕುಣಿದವು.

"ಇದೇ ಬೇಕು ಚಿಕ್ಕಮ್ಮ."

ಚಿಕ್ಕಮ್ಮ ಕಿವಿಯಿಂದ ಬೆರಳು ತೆಗೆದಳು. "ಒಬ್ಬಳೇ ನುಡಿಸೋಕೆ ಚೆನ್ನಾಗಿದೆ," ಎಂದಳು.

ಅದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುವಷ್ಟು ಪುರುಸೊತ್ತು ಕಡ್ಡಿಗೆ ಇರಲಿಲ್ಲ. ನಾಬ್‌ಗಳು ಎಲ್ಲಿದ್ದವೋ ಅಲ್ಲಲ್ಲಿಗೆ ಗುರುತಿಗೆಂದು ಟೇಪಿನ ಚೂರು ಅಂಟಿಸಿದಳು.

ಗುರುವಾರ ಸ್ಕೂಲಿನ ಮ್ಯೂಸಿಕ್ ರೂಮಿನಲ್ಲಿ ಪ್ರ್ಯಾಕ್ಟೀಸ್. ಬ್ಯಾಂಡಿನಲ್ಲಿ ನಾಲ್ಕೇ ಜನ. ಹಾಡುವವಳು ಒಬ್ಬಳು, ಡ್ರಮ್ಸ್‌ನವಳು ಒಬ್ಬಳು, ಗಿಟಾರಿಗೆ ಕಡ್ಡಿ. ಬೇಸ್ ಗಿಟಾರಿಗೆ ಕಡ್ಡಿಯ ಸ್ವಂತ ಅಕ್ಕ, ಏಳನೇ ಕ್ಲಾಸಿನವಳು.

ಹಾಡು ಮುಗಿದ ಕೂಡಲೇ ಡ್ರಮ್ಸ್‌ನವಳು, "ಸಖತ್ ಸೌಂಡು ಕಣೇ," ಎಂದಳು. ಕಡ್ಡಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಕ್ಕ ಮಾತ್ರ ವೈರ್ ಸುತ್ತುತ್ತಿದ್ದಳು. "ಶನಿವಾರ ನಾನು ಬರಲ್ಲ."

"ಯಾಕಕ್ಕ?"

"ಎರಡನೇ ಚರಣದಿಂದ ನಾನು ನುಡಿಸೇ ಇಲ್ಲ. ಸುಮ್ನೆ ನಿಂತಿದ್ದೆ. ನಿಮ್ಗ್ಯಾರಿಗಾದ್ರೂ ಗೊತ್ತಾಯ್ತಾ?"

ಡ್ರಮ್ಸ್‌ನವಳು ಕೈಯಲ್ಲಿದ್ದ ಕೋಲುಗಳನ್ನು ನೋಡಿದಳು. ಹಾಡುವವಳು ಬಗ್ಗಿ ಶೂ ಲೇಸ್ ಕಟ್ಟತೊಡಗಿದಳು.

"ನಿನ್ನ ಆಂಪ್ ಜೋರು ಮಾಡ್ಕೋಬಹುದಿತ್ತಲ್ಲ," ಎಂದಳು ಕಡ್ಡಿ.

"ಫುಲ್ ಇಟ್ಟಿದ್ದೆ."

ಅಕ್ಕ ಜಗಳ ಆಡಿದ್ದರೆ ಕಡ್ಡಿಯೂ ಸರಿಯಾಗಿ ಆಡುತ್ತಿದ್ದಳು. ಆದರೆ ಅಕ್ಕ ಜಗಳಕ್ಕೆ ಬರಲಿಲ್ಲ. ಅವಳ ಕಣ್ಣು ತುಂಬಿಕೊಂಡಿತ್ತು. ಗಿಟಾರ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಅದೇ ಸಂಜೆ ಕಡ್ಡಿ ಅಂಗಡಿಗೆ ಬಂದು ಎಲ್ಲವನ್ನೂ ಹೇಳಿದಳು. "ದೊಡ್ಡದು ಬೇಡ ಚಿಕ್ಕಮ್ಮ. ಚಿಕ್ಕದು ಕೊಡು."

"ತಗೋ. ಆ ಪುಟ್ಟ ರೂಮಲ್ಲಿ ದೊಡ್ಡದರ ವಾಲ್ಯೂಮ್ ಒಂದಕ್ಕಿಟ್ರೆ ನಿದ್ದೆ ಹೊಡೀತಿರತ್ತೆ, ಐದಕ್ಕಿಟ್ರೆ ಗೋಡೆ ಬೀಳತ್ತೆ. ಇದನ್ನ ಆರಕ್ಕಿಟ್ಟು ನೋಡು, ಬಾಯಿತುಂಬ ಹಾಡತ್ತೆ. ಆದ್ರೆ ಬೇಸ್ ನಾಬ್ ಮತ್ತೆ ಒಂಬತ್ತಕ್ಕೇ ಇಟ್ರೆ ಇದ್ರಲ್ಲೂ ಅದೇ ಕತೆ. ಆ ಕೆಳಗಿನ ದಪ್ಪ ದನಿ ಇದೆಯಲ್ಲ, ಅದು ಅಕ್ಕನ ಜಾಗ. ನೀನು ಅಲ್ಲಿ ಕಾಲು ಚಾಚ್ಕೊಂಡು ಕೂತಿದ್ದೀಯ."

"ಹಾಗಾದ್ರೆ ಎಷ್ಟಕ್ಕೆ ಇಡ್ಬೇಕು?"

"ನಂಗೇನು ಗೊತ್ತು? ಅಕ್ಕ ನುಡಿಸ್ತಿರುವಾಗ ತಿರುಗಿಸು. ಒಬ್ಬಳೇ ಕೂತು ತಿರುಗಿಸ್ಬೇಡ."

ಶುಕ್ರವಾರ ಅಕ್ಕನನ್ನು ಮ್ಯೂಸಿಕ್ ರೂಮಿಗೆ ಕರೆತರುವಷ್ಟರಲ್ಲಿ ಕಡ್ಡಿಗೆ ಸಾಕುಸಾಕಾಯಿತು. "ಹತ್ತೇ ನಿಮಿಷ ಅಕ್ಕ. ಆಮೇಲೆ ಬೇಡ ಅಂದ್ರೆ ಬೇಡ," ಎಂದು ಬೆನ್ನುಬಿದ್ದು ಕರೆತಂದಳು.

ಅಕ್ಕ ನುಡಿಸತೊಡಗಿದಳು. ಕಡ್ಡಿ ತಂತಿಗಳನ್ನು ಒಟ್ಟಿಗೆ ಮೀಟಿ ಒಂದು ಕಾರ್ಡ್ ನುಡಿಸುವಳು, ಚಿಕ್ಕ ಹೆಡ್ಡಿನ ಬೇಸ್ ನಾಬನ್ನು ಒಂಬತ್ತರಿಂದ ಒಂದಿಷ್ಟು ಇಳಿಸುವಳು, ಮತ್ತೆ ನುಡಿಸುವಳು. ಒಂಬತ್ತರಲ್ಲಿ ಅಕ್ಕ ಇರಲೇ ಇಲ್ಲ. ಐದರಲ್ಲಿ ಏನೋ ಗುನುಗಿದಂತೆ ಕೇಳಿತು. ಮೂರಕ್ಕೆ ಬಂದಾಗ ಅಕ್ಕನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸಿತು. ಗೇನನ್ನು ಅರ್ಧಕ್ಕೆ ತಂದಳು. ತಾನೂ ಕಳೆದುಹೋಗಬಾರದಲ್ಲ ಎಂದು ಮಿಡ್ಲನ್ನು ಆರಕ್ಕೆ ಏರಿಸಿದಳು.

ಅಷ್ಟರಲ್ಲಿ ಉಳಿದಿಬ್ಬರೂ ಬಂದರು. ಕಡ್ಡಿ ಒಬ್ಬಳೇ ಒಮ್ಮೆ ನುಡಿಸಿ ತೋರಿಸಿದಳು.

"ಏನೇ ಇದು, ಹಳೇ ರೇಡಿಯೋ ಥರ ಇದೆ," ಎಂದಳು ಡ್ರಮ್ಸ್‌ನವಳು.

ನಿಜವೇ. ಒಂಟಿಯಾಗಿ ಕೇಳಿದರೆ ಸೌಂಡ್ ಸಪೂರವಾಗಿತ್ತು. ಕಡ್ಡಿಯ ಮುಖ ಬಿಸಿಯಾಯಿತು. ನಾಳೆ ಇಡೀ ಸ್ಕೂಲು ಎದುರಿಗೆ ಕೂತಿರುತ್ತದೆ. ಅವಳ ಕೈ ತಾನಾಗಿ ಬೇಸ್ ನಾಬಿನ ಮೇಲೆ ಹೋಯಿತು. ಅಕ್ಕ ಆ ಕೈಯನ್ನು ನೋಡಿದಳು.

ಕಡ್ಡಿ ಕೈ ತೆಗೆದಳು. "ಶುರು ಮಾಡೋಣ," ಎಂದಳು.

ಎಲ್ಲರೂ ಸೇರಿ ನುಡಿಸಿದಾಗ ಅವಳ ಸೌಂಡ್ ಸಪೂರ ಅನ್ನಿಸಲಿಲ್ಲ. ಎರಡನೇ ಚರಣದಲ್ಲಿ ಹಾಡುವವಳು ಒಂದು ಸ್ವರವನ್ನು ಉದ್ದಕ್ಕೆ ಎಳೆದಳು. ಅದರ ಕೆಳಗಿನಿಂದ ಅಕ್ಕನ ಬೇಸ್ ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಮೇಲೆ ಬಂತು. ಅದನ್ನು ಕೇಳಿ ಕಡ್ಡಿಗೆ ಮೈ ಜುಮ್ಮೆಂದಿತು.

ಹಾಡು ಮುಗಿದ ಮೇಲೆ ಕೇಳಿದಳು. "ಅದು ಹೊಸದಾ ಅಕ್ಕ?"

"ಇಲ್ವಲ್ಲ. ಮೊದಲಿಂದ್ಲೂ ಅದನ್ನೇ ನುಡಿಸ್ತಿದ್ದೀನಿ. ನಾನೇ ಕಟ್ಟಿದ್ದು," ಎಂದು ಅಕ್ಕ ತಂತಿಗಳನ್ನು ಒರೆಸಿದಳು. "ನಾಳೆ ಇನ್ನೂ ಸ್ವಲ್ಪ ನಿಧಾನಕ್ಕೆ ನುಡಿಸ್ತೀನಿ."

ಎರಡು ತಿಂಗಳಿಂದ ಅವರು ಪಕ್ಕಪಕ್ಕದಲ್ಲೇ ನಿಂತು ನುಡಿಸುತ್ತಿದ್ದರು. ಕಡ್ಡಿ ತನ್ನ ಗಿಟಾರಿಗಷ್ಟೇ ಕಿವಿಗೊಟ್ಟಿದ್ದಳು. ಕಡ್ಡಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

"ಆ ಚರಣ ಇನ್ನೊಂದ್ಸಲ," ಎಂದಳು.

ಈ ಸಲ ಆ ಜಾಗ ಬಂದಾಗ ಕಡ್ಡಿ ಅಂಗೈಯನ್ನು ತಂತಿಗಳ ಮೇಲಿಟ್ಟು ತನ್ನ ಗಿಟಾರನ್ನು ಸುಮ್ಮನಾಗಿಸಿದಳು. ಅಕ್ಕ ಕೊನೆಯ ಮೆಟ್ಟಿಲು ಹತ್ತುವ ತನಕ ಕೇಳಿದಳು. ಆಮೇಲೆ ಅವಳ ಹಿಂದೆಯೇ ತಾನೂ ಸೇರಿಕೊಂಡಳು.